ಬೆಳಗಿನ ಜಾವ ಅಮ್ಮನ ಎದೆ ಡವಡವ, ಇಸಿಜಿ ನಾರ್ಮಲ್. ಶುಗರ್‌ಗೂ ಇದಕ್ಕೂ ಸಂಬಂಧ ಇದೆಯಾ?

ಕಾಫಿಕಣ, ಸಕಲೇಶಪುರ ಕಡೆ
ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ಅಮ್ಮನಿಗೆ 63. ಶುಗರ್ ಬಂದು 14 ವರ್ಷ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿದ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಕಳೆದ ಮೂರು ವಾರದಲ್ಲಿ ನಾಲ್ಕು ಸಲ ಹೀಗಾಗಿದೆ. ಬೆಳಗಿನ ಜಾವ ಮೂರೂವರೆ, ನಾಲ್ಕು ಗಂಟೆಗೆ ಎದ್ದು ಮಂಚದ ಅಂಚಿಗೆ ಕೂತುಬಿಡುತ್ತಾರೆ. ಎದೆ ಹೊಡೆದುಕೊಳ್ಳುತ್ತಿರುತ್ತದೆ, ಕೈ ನಡುಗುತ್ತದೆ, ಮಾತಾಡಿಸಿದರೆ ಸಿಡುಕು. ಮೊನ್ನೆ ನಾನೇ ಮಣಿಕಟ್ಟು ಹಿಡಿದು, ಮೊಬೈಲ್ ನೋಡಿಕೊಂಡು ಒಂದು ನಿಮಿಷ ಎಣಿಸಿದೆ. 118 ಬಂತು. ಹೊರಗೆ ಇಬ್ಬನಿ ಸುರಿಯುವ ಚಳಿ, ಇವರ ರವಿಕೆ ಬೆನ್ನಿನ ಹತ್ತಿರ ಪೂರ್ತಿ ಒದ್ದೆ.

ಹಾಸನದಲ್ಲಿ ಒಂದು ಕಡೆ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡೂ ಮಾಡಿಸಿದೆವು. ನಾರ್ಮಲ್ ಅಂದರು. ಟೆನ್ಷನ್ ಜಾಸ್ತಿ ಮಾಡಿಕೊಳ್ಳುತ್ತಾರೆ ಅಂತ ನಿದ್ದೆಗೆ ಒಂದು ಮಾತ್ರೆ ಬರೆದುಕೊಟ್ಟು ಕಳಿಸಿದರು. ಹಗಲು ಹೊತ್ತು ಏನೂ ಇಲ್ಲ. ಕಣದಲ್ಲಿ ಕಾಫಿ ಹರವುತ್ತಾರೆ, ಆಳುಗಳಿಗೆ ಅಡುಗೆ ಮಾಡುತ್ತಾರೆ. ರಾತ್ರಿ ಹೀಗಾದಾಗ ಒಂದು ಲೋಟ ಬಿಸಿ ಬಿಸಿ ಬೆಲ್ಲದ ಕಾಫಿ ಕುಡಿದರೆ ಇಪ್ಪತ್ತು ನಿಮಿಷಕ್ಕೆ ಸರಿಹೋಗಿ ಮಲಗುತ್ತಾರೆ. ಹಾರ್ಟ್ ಸರಿ ಇದೆ ಅಂದ ಮೇಲೆ ಇದೇನು? ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟ್ 6.4 ಬಂದಿದೆ, ಡಾಕ್ಟರ್ ಭೇಷ್ ಅಂದಿದ್ದರು.

ಬೇಲೂರು ಬಸ್‌ಸ್ಟ್ಯಾಂಡ್
ಮೊದಲು ಮೈಸೂರು ಜಯದೇವ ಹೃದ್ರೋಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗುರು. 2025ರ ಮೇ, ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹಾರ್ಟ್ ಅಟ್ಯಾಕ್‌ನಿಂದ ಹೋಗಿದ್ದು ಮರೆತುಬಿಟ್ರಾ?

ಮೂಡಿಗೆರೆ ಮಳೆ
ಕಾಫಿ ಬಿಡಿಸಿ. ರೊಬಸ್ಟಾ ಡಿಕಾಕ್ಷನ್ ಕುಡಿದರೆ ಎದೆ ಹೊಡೆದುಕೊಳ್ಳದೆ ಇನ್ನೇನಾಗುತ್ತದೆ? ಅರೇಬಿಕಾದ ಎರಡರಷ್ಟು ಕೆಫೀನ್ ಇರುತ್ತದೆ ಅದರಲ್ಲಿ.

ನೈಟ್ ಡ್ಯೂಟಿ ಸಿಸ್ಟರ್, ಹಾಸನ
ಮಳೆ ಅವರೇ, ಇನ್ನೊಂದು ಸಲ ಓದಿ. ಕಾಫಿ ಕುಡಿದ ಮೇಲೆ ಬಡಿತ ಇಳಿಯುತ್ತಿದೆ, ಏರುತ್ತಿಲ್ಲ. ಇಳಿಸುತ್ತಿರುವುದು ಕಾಫಿ ಅಲ್ಲ, ಅದರೊಳಗಿನ ಬೆಲ್ಲ ಅಂತ ನನ್ನ ಅನುಮಾನ.

ಕಾಫಿಕಣ ಅವರೇ, ಚಳಿಯಲ್ಲಿ ಬೆನ್ನು ಒದ್ದೆ ಅಂತ ಬರೆದಿರಲ್ಲ, ಅಲ್ಲೇ ನನಗೆ ಸಂಶಯ ಬಂತು. ಬೆವರು, ನಡುಕ, ಡವಡವ, ಸಿಡುಕು, ಸಿಹಿ ತಿಂದರೆ ಗುಣ. ಇದು ಲೋ ಶುಗರ್ ಆಗಿರಬಹುದು. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯುವ ಹೊತ್ತಿಗೆ ದೇಹ ಹೆದರಿಕೊಂಡು ಅಡ್ರಿನಲಿನ್ ಬಿಡುತ್ತದೆ. ಹಾವು ಕಂಡಾಗ ಎದೆ ಹೊಡೆದುಕೊಳ್ಳುವುದೂ ಅದರಿಂದಲೇ. ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ಹಾಕಿಸುವುದು ಅದರ ಕೆಲಸ. ಜೊತೆಗೆ ಹೃದಯವನ್ನೂ ಓಡಿಸುತ್ತದೆ.

ಹಗಲು ಹನ್ನೊಂದಕ್ಕೆ ತೆಗೆದ ಇಸಿಜಿಗೆ ರಾತ್ರಿ ನಾಲ್ಕರ ಸಂಗತಿ ಗೊತ್ತಾಗುವುದಿಲ್ಲ. ಹಾಗಂತ ಇಸಿಜಿ ಮಾಡಿಸಿದ್ದು ತಪ್ಪಲ್ಲ, ಸರಿಯೇ. ಆದರೆ ಆ ಹೊತ್ತಿನಲ್ಲಿ ಒಂದು ಸಲವಾದರೂ ಬೆರಳು ಚುಚ್ಚಿ ಶುಗರ್ ನೋಡಿದ್ದೀರಾ?

ಕಾಫಿಕಣ, ಸಕಲೇಶಪುರ ಕಡೆ
ಇಲ್ಲ ಸಿಸ್ಟರ್. ಮಿಷನ್ ಇದೆ, ಬೀರುವಿನಲ್ಲಿ. ಲೋ ಶುಗರ್ ಅಂದರೆ ತಲೆ ಸುತ್ತಿ ಬೀಳುವುದು ಅಂತ ಅಂದುಕೊಂಡಿದ್ದೆ.

ನೈಟ್ ಡ್ಯೂಟಿ ಸಿಸ್ಟರ್, ಹಾಸನ
ಅದು ಕೊನೆಯ ಹಂತ. ಮೊದಲು ಬರುವುದು ಡವಡವ, ಬೆವರು. ಇನ್ನೂ ಇಳಿದರೆ ಮೆದುಳಿಗೆ ಸಕ್ಕರೆ ಸಾಲುವುದಿಲ್ಲ, ತೊದಲು, ಗಲಿಬಿಲಿ, ಆಮೇಲೆ ಪ್ರಜ್ಞೆ ತಪ್ಪುವುದು. ಮಿಷನ್ ತೆಗೆದು ತಲೆದಿಂಬಿನ ಹತ್ತಿರ ಇಡಿ. ಸ್ಟ್ರಿಪ್ ತಾರೀಖು ಮುಗಿದಿದೆಯಾ ನೋಡಿ, ಡಬ್ಬಿ ಮುಚ್ಚಳ ಗಟ್ಟಿಯಾಗಿ ಮುಚ್ಚಿಡಿ. ನಮ್ಮ ಕಡೆಯ ಥಂಡಿಗೆ ಸ್ಟ್ರಿಪ್ ಹಾಳಾಗುತ್ತದೆ.

ಬೇಲೂರು ಬಸ್‌ಸ್ಟ್ಯಾಂಡ್
ಹಾರ್ಟ್ ಅಟ್ಯಾಕ್ ಆದರೆ ಸಿಸ್ಟರ್ ಜವಾಬ್ದಾರಿ ತಗೋತೀರಾ? ಸುಮ್ನೆ ಶುಗರ್ ಶುಗರ್ ಅಂತ ಹೇಳಿ ಜನರನ್ನು ಮಲಗಿಸಬೇಡಿ.

ನೈಟ್ ಡ್ಯೂಟಿ ಸಿಸ್ಟರ್, ಹಾಸನ
ಇಸಿಜಿ ಮಾಡಿಸಿದ್ದು ಸರಿ ಅಂತ ನಾನೇ ಬರೆದಿದ್ದೇನೆ ಅಣ್ಣ. ಶುಗರ್ ಹಳೆಯದಾದವರಿಗೆ ಎದೆ ನೋವೇ ಇಲ್ಲದೆ ಅಟ್ಯಾಕ್ ಆಗಬಹುದು, ಅದು ನನಗೂ ಗೊತ್ತು. ಉಬ್ಬಸ, ಎದೆ ಬಿಗಿತ, ದವಡೆ ಅಥವಾ ತೋಳಿಗೆ ನೋವು, ಕಣ್ಣು ಕತ್ತಲೆ, ಇದರಲ್ಲಿ ಯಾವುದು ಬಂದರೂ 108ಕ್ಕೆ ಫೋನ್ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲೂ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸುತ್ತಾರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ. ಆದರೆ ಬೆರಳು ಚುಚ್ಚಲು ಬೇಕಾಗುವುದು ಒಂದೇ ನಿಮಿಷ. ಅದನ್ನು ಬಿಟ್ಟು ಮೈಸೂರಿಗೆ ಹೊರಟರೆ ದಾರಿಯಲ್ಲೇ ಶುಗರ್ 40ಕ್ಕೆ ಇಳಿದಿರಬಹುದು.

ತೆಂಗಿನತೋಟ, ಅರಸೀಕೆರೆ
ಆ ಎರಡು ತಿಂಗಳು ನಮ್ಮೂರಿನಲ್ಲಿ ಗ್ಯಾಸ್ ಹಿಡಿದವರೂ ಮೈಸೂರಿನ ಬಸ್ ಹತ್ತಿದ್ದರು. ಜಯದೇವದ ಮುಂದೆ ಬೆಳಕು ಹರಿಯುವ ಮುಂಚೆ ಸಾಲು. ಆಮೇಲೆ ಸರ್ಕಾರದ ಸಮಿತಿ ಏನು ಹೇಳಿತು? ಶುಗರ್, ಬಿಪಿ, ಸಿಗರೇಟು, ಕುಡಿತ ನೋಡಿಕೊಳ್ಳಿ ಅಂತ. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಮೂಡಿಗೆರೆ ಮಳೆ
ಸರಿ, ಕಾಫಿ ವಿಷಯ ವಾಪಸ್ ತಗೋತೀನಿ. ಆದರೆ ರೊಬಸ್ಟಾ ಸ್ಟ್ರಾಂಗ್ ಅನ್ನುವುದು ನಿಜ.

ನಿವೃತ್ತ ಮೇಷ್ಟ್ರು, ಹೊಳೆನರಸೀಪುರ
ನನ್ನದೊಂದು ಉಲ್ಟಾ ಅನುಭವ ಹೇಳುತ್ತೇನೆ. ನನಗೆ ಶುಗರ್ ಜೊತೆ ಬಿಪಿಯೂ ಇದೆ, ಮೆಟೊಪ್ರೊಲಾಲ್ ತಗೊಳ್ಳುತ್ತೇನೆ. ಹೋದ ಮಳೆಗಾಲದಲ್ಲಿ ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುತ್ತಾ ಕೂತಿದ್ದೆ. ಹದಿಮೂರರ ಮಗ್ಗಿಯಲ್ಲಿ ತಪ್ಪು ಹೇಳಿದೆನಂತೆ, ಅವಳು ನಕ್ಕಳಂತೆ, ನಾನು ಗದರಿದೆನಂತೆ. ನನಗೆ ಒಂದೂ ನೆನಪಿಲ್ಲ. ಎದೆ ಡವಡವ ಇರಲಿಲ್ಲ, ನಡುಕ ಇರಲಿಲ್ಲ. ಹಣೆ ಮೇಲೆ ಬೆವರು ಮಾತ್ರ ಇಳಿಯುತ್ತಿತ್ತು. ಸೊಸೆ ನೋಡಿ ಶುಗರ್ ಚೆಕ್ ಮಾಡಿದಳು, 49.

ಡಾಕ್ಟರ್ ಆಮೇಲೆ ಹೇಳಿದರು, ಈ ಜಾತಿಯ ಮಾತ್ರೆ ಹೃದಯದ ಓಟವನ್ನು ಹಿಡಿದಿಡುವುದರಿಂದ ಲೋ ಆದಾಗ ಬರುವ ಡವಡವವನ್ನೂ ಮುಚ್ಚಿಹಾಕುತ್ತದೆ. ಬೆವರನ್ನು ಮುಚ್ಚಿಹಾಕುವುದಿಲ್ಲ. ಹಾಗಾಗಿ ಬೆವರೇ ನನಗೆ ಗಂಟೆ. ಕಾಫಿಕಣ ಅವರ ತಾಯಿಗೆ ಡವಡವ ಆಗುತ್ತಿದೆಯಲ್ಲ, ಅದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ಎಬ್ಬಿಸುತ್ತಿದೆ.

ಕಾಫಿಕಣ, ಸಕಲೇಶಪುರ ಕಡೆ
ನಿನ್ನೆ ರಾತ್ರಿ ಮತ್ತೆ ಆಯಿತು! 3.40ಕ್ಕೆ. ಬೆರಳು ಚುಚ್ಚಿದೆ, 186. ಲೋ ಅಲ್ಲವೇ ಅಲ್ಲ. ಈಗ ಏನು ಮಾಡಲಿ? ನಾಡಿ 114.

ಬೇಲೂರು ಬಸ್‌ಸ್ಟ್ಯಾಂಡ್
ಹೇಳಿದೆನಲ್ಲ. ಹಾರ್ಟ್.

ಇನ್ಸುಲಿನ್ ಹುಡುಗಿ, ಚಿಕ್ಕಮಗಳೂರು
ನನಗೆ ಟೈಪ್ ಒನ್ ಶುಗರ್, ಅಂದರೆ ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಜಾತಿ, ಒಂಬತ್ತನೇ ವಯಸ್ಸಿನಿಂದ. ಶುಗರ್ ಜಾಸ್ತಿ ಆದರೂ ಎದೆ ಓಡುತ್ತದೆ, ಅದನ್ನೂ ತಿಳಿದುಕೊಳ್ಳಿ. ಆದರೆ ಅದು 186ಕ್ಕೆ ಆಗುವ ಕೆಲಸ ಅಲ್ಲ. ಸಕ್ಕರೆ ತುಂಬಾ ಏರಿದರೆ ಉಚ್ಚೆಯಲ್ಲಿ ಹೋಗುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೈಯಲ್ಲಿ ನೀರು ಕಮ್ಮಿ ಆದಾಗ ಇರುವಷ್ಟು ರಕ್ತವನ್ನೇ ಜೋರಾಗಿ ಸುತ್ತಿಸಬೇಕು, ಹೃದಯ ಓಡುತ್ತದೆ.

ಪಿಯುಸಿಯಲ್ಲಿ ಜ್ವರ ಬಂದಿತ್ತು, ಏನೂ ತಿಂದಿಲ್ಲ ಅಂತ ಇನ್ಸುಲಿನ್ ಬಿಟ್ಟೆ. ದೊಡ್ಡ ತಪ್ಪು ಅದು, ಜ್ವರದಲ್ಲಿ ಊಟ ಇಲ್ಲದಿದ್ದರೂ ಸಕ್ಕರೆ ಏರುತ್ತದೆ. ಮಾರನೇ ದಿನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು, ವಾಂತಿ, ಹೊಟ್ಟೆ ನೋವು, ಉಸಿರು ಮೇಲಿಂದ ಮೇಲೆ. ಮನೆಯವರು ಪಿತ್ತ ಅಂತ ಜೀರಿಗೆ ಕಷಾಯ ಕೊಟ್ಟರು. ಆಸ್ಪತ್ರೆಯಲ್ಲಿ ನೋಡಿದಾಗ ಶುಗರ್ 460, ನಾಡಿ 130, ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ತುಂಬಿಕೊಂಡಿತ್ತು. ಮೂರು ದಿನ ಐಸಿಯು. ಹಾಗಾಗಿ ಶುಗರ್ ಜಾಸ್ತಿ, ವಾಂತಿ, ಜೋರು ಉಸಿರು ಮೂರೂ ಸೇರಿದರೆ ಕಷಾಯ ಕಾಯಿಸುತ್ತಾ ಕೂರಬೇಡಿ, ಹೊರಡಿ.

ಕಾಫಿಕಣ ಅವರೇ, ಆಂಟಿ ಕೈ ತೊಳೆದುಕೊಂಡಿದ್ದರಾ?

ಕಾಫಿಕಣ, ಸಕಲೇಶಪುರ ಕಡೆ
ಕೈ ಯಾಕೆ?

ಇನ್ಸುಲಿನ್ ಹುಡುಗಿ, ಚಿಕ್ಕಮಗಳೂರು
ಬೆರಳಿಗೆ ಅಂಟಿರುವ ಸಿಹಿಯೂ ರಕ್ತದ ಹನಿಗೆ ಸೇರಿಕೊಂಡು ಲೆಕ್ಕಕ್ಕೆ ಬರುತ್ತದೆ. ಹಲಸಿನ ತೊಳೆ ಬಿಡಿಸಿ ತೊಳೆಯದೆ ಚುಚ್ಚಿದರೆ ನನ್ನದು 300 ತೋರಿಸಿದ್ದೂ ಇದೆ, ತೊಳೆದರೆ 120.

ಕಾಫಿಕಣ, ಸಕಲೇಶಪುರ ಕಡೆ
ಅಯ್ಯೋ. ನಾನು ಮಿಷನ್ ಹುಡುಕಿ ತರುವಷ್ಟರಲ್ಲಿ ಅಮ್ಮ ಅಡುಗೆಮನೆಗೆ ಹೋಗಿ ಬೆಲ್ಲ ಮುರಿದು ಪಾತ್ರೆಗೆ ಹಾಕಿಯಾಗಿತ್ತು. ಅದೇ ಕೈ. ಒಂದು ಚೂರು ಬಾಯಿಗೂ ಹೋಗಿರಬಹುದು, ಕೇಳಿದರೆ ಇಲ್ಲ ಅನ್ನುತ್ತಾರೆ.

ತೆಂಗಿನತೋಟ, ಅರಸೀಕೆರೆ
ಹ್ಹಹ್ಹ. ಎಲ್ಲರ ಮನೆ ಅಮ್ಮಂದಿರೂ ಒಂದೇ.

ಮೆಡಿಕಲ್ ಸ್ಟೋರ್, ಕಡೂರು
ಅಂಗಡಿಯಲ್ಲಿ ಕೂತು ದಿನಾ ನೋಡುವುದನ್ನು ಹೇಳುತ್ತೇನೆ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳುವವರಿಗೆ ಲೋ ಆಗುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ನೀವು ಊಟ ಮಾಡಿ ಬಿಡಿ, ಅದು ಮೇದೋಜೀರಕದಿಂದ ಇನ್ಸುಲಿನ್ ಹಿಂಡುತ್ತಲೇ ಇರುತ್ತದೆ. ವಯಸ್ಸಾಗಿ ಕಿಡ್ನಿ ಸ್ವಲ್ಪ ನಿಧಾನ ಆಗಿದ್ದರೆ ಔಷಧಿ ಮೈಯಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. 6.4 ನೋಡಿ ಭೇಷ್ ಅನ್ನುವುದಕ್ಕೂ ಮುಂಚೆ ಯೋಚನೆ ಮಾಡಬೇಕು. ಅದು ಸರಾಸರಿ. ಹಗಲು 200, ರಾತ್ರಿ 55 ಆದರೂ ಸರಾಸರಿ ಚೆಂದವಾಗಿಯೇ ಕಾಣುತ್ತದೆ.

ಎರಡು ಪ್ರಶ್ನೆ. ರಾತ್ರಿ ಊಟಕ್ಕೆ ಏನು ತಿನ್ನುತ್ತಾರೆ? ಈ ಮೂರು ವಾರದಲ್ಲಿ ಹೊಸದಾಗಿ ಏನು ಬದಲಾಗಿದೆ?

ಕಾಫಿಕಣ, ಸಕಲೇಶಪುರ ಕಡೆ
ರಾತ್ರಿ ಮೊದಲು ಎರಡು ಅಕ್ಕಿ ರೊಟ್ಟಿ ಅಥವಾ ಅನ್ನ ಸಾರು. ಪಕ್ಕದ ತೋಟದವರು ಅನ್ನ ಬಿಟ್ಟರೆ ಶುಗರ್ ಓಡಿಹೋಗುತ್ತದೆ ಅಂದರಂತೆ, ಅದಕ್ಕೆ ಈಗ ರಾತ್ರಿ ಒಂದು ಲೋಟ ರಾಗಿ ಗಂಜಿ ಅಷ್ಟೇ. ಶನಿವಾರ ಒಪ್ಪತ್ತು. ಬದಲಾಗಿದ್ದು ಅಂದರೆ ಕುಯ್ಲು ಶುರುವಾಗಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಕಣದಲ್ಲೇ, ಬಗ್ಗಿ ಎದ್ದು ಕಾಫಿ ಕೆದಕುವುದು, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚುವುದು. ಆಳು ಸಿಗುತ್ತಿಲ್ಲ, ನಿಮಗೆಲ್ಲ ಗೊತ್ತೇ ಇದೆ.

ಬರೆಯುತ್ತಾ ಬರೆಯುತ್ತಾ ನನಗೇ ಅರ್ಥ ಆಗುತ್ತಿದೆ.

ಮೆಡಿಕಲ್ ಸ್ಟೋರ್, ಕಡೂರು
ಊಟ ಅರ್ಧ, ಕೆಲಸ ಎರಡರಷ್ಟು, ಮಾತ್ರೆ ಮಾತ್ರ ಅಷ್ಟೇ. ಮೈ ಬಗ್ಗಿಸಿ ದುಡಿದ ದಿನ ಸ್ನಾಯುಗಳು ರಾತ್ರಿಯೆಲ್ಲ ಸಕ್ಕರೆ ಎಳೆದುಕೊಳ್ಳುತ್ತವೆ. ಪರಿಣಾಮ ಮಾರನೇ ದಿನದವರೆಗೂ ಇರುತ್ತದೆ.

ಕೊಪ್ಪದ ಅಡಿಕೆ
ಇಂಗ್ಲಿಷ್ ಮಾತ್ರೆ ಎಲ್ಲ ಬಿಡಿಸಿ. ಮಧುನಾಶಿನಿ ಸೊಪ್ಪು ದಿನಾ ನಾಲ್ಕು ಎಲೆ, ಜೊತೆಗೆ ಹಾಗಲಕಾಯಿ ರಸ. ನಮ್ಮ ಭಾವ ಹೀಗೇ ಇದ್ದಾರೆ, ಕಲ್ಲುಗುಂಡು.

ಮೆಡಿಕಲ್ ಸ್ಟೋರ್, ಕಡೂರು
ಅಣ್ಣ, ಲೋ ಆಗುತ್ತಿದೆ ಅಂತ ಮಾತಾಡುತ್ತಿದ್ದೇವೆ, ನೀವು ಇನ್ನೂ ಇಳಿಸುವ ಔಷಧಿ ಹೇಳುತ್ತಿದ್ದೀರಿ. ಮಾತ್ರೆಯ ಜೊತೆಗೆ ಇವೂ ಸೇರಿದರೆ ಸಕ್ಕರೆ ಮತ್ತಷ್ಟು ಇಳಿಯಬಹುದು.

ಇನ್ಸುಲಿನ್ ಹುಡುಗಿ, ಚಿಕ್ಕಮಗಳೂರು
ಮಧುನಾಶಿನಿ ಎಲೆ ಜಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗಿರುತ್ತದೆ, ಸ್ವಲ್ಪ ಹೊತ್ತು ಸಿಹಿಯೇ ಗೊತ್ತಾಗುವುದಿಲ್ಲ. ಚಿಕ್ಕವಳಿದ್ದಾಗ ಅಜ್ಜಿ ಇದನ್ನು ಮ್ಯಾಜಿಕ್ ಅಂತ ತೋರಿಸುತ್ತಿದ್ದರು. ಮ್ಯಾಜಿಕ್ ಸರಿ, ನನ್ನ ಇನ್ಸುಲಿನ್‌ಗೆ ಬದಲಿ ಅಲ್ಲ.

ಕೊಪ್ಪದ ಅಡಿಕೆ
ನಂಬಿಕೆ ಬೇಕಮ್ಮ ಯಾವುದಕ್ಕಾದರೂ.

ತೆಂಗಿನತೋಟ, ಅರಸೀಕೆರೆ
ರಾಗಿ ಗಂಜಿ ಅಂದಿದ್ದಕ್ಕೆ ನೆನಪಾಯಿತು. ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಅಂತ ನಮ್ಮ ಕಡೆ ಎರಡೆರಡು ಮುದ್ದೆ ಇಳಿಸುತ್ತಾರೆ. ಮುದ್ದೆಯಲ್ಲೂ ಇರುವುದು ಪಿಷ್ಟವೇ ಸ್ವಾಮಿ. ನಮ್ಮಪ್ಪ ದೊಡ್ಡ ಮುದ್ದೆ ಉಂಡು 260 ಬಂದಾಗ ಮಿಷನ್ನೇ ಕೆಟ್ಟಿದೆ ಅಂದಿದ್ದರು.

ಮೂಡಿಗೆರೆ ಮಳೆ
ನಿಮ್ಮ ಹಾಸನದವರು ಆಲೂಗಡ್ಡೆ ಬಿಟ್ಟರೆ ಸಾಕು, ಅರ್ಧ ಶುಗರ್ ಇಳಿಯುತ್ತದೆ.

ತೆಂಗಿನತೋಟ, ಅರಸೀಕೆರೆ
ಆಲೂಗಡ್ಡೆಗೆ ರೇಟು ಇಲ್ಲದಾಗ ನಾವೇ ತಿನ್ನಬೇಕಲ್ಲ.

ಗೃಹಿಣಿ, ಆಲೂರು
ನಮ್ಮ ಯಜಮಾನರಿಗೆ ಹಾಸನಾಂಬೆ ದರ್ಶನದ ಸಾಲಿನಲ್ಲಿ ಇದೇ ಆಯಿತು. ವರ್ಷಕ್ಕೆ ಕೆಲವೇ ದಿನ ಬಾಗಿಲು ತೆಗೆಯುವುದು, ಜನ ಕೇಳಬೇಕಾ? ಬೆಳಿಗ್ಗೆ ಇನ್ಸುಲಿನ್ ಹಾಕಿಕೊಂಡರು, ಬೇಗ ದರ್ಶನ ಆಗುತ್ತದೆ, ಬಂದು ತಿಂಡಿ ತಿಂದರಾಯಿತು ಅಂದುಕೊಂಡರು. ಹತ್ತೂವರೆ ಆದರೂ ಬ್ಯಾರಿಕೇಡ್ ಒಳಗೇ ಇದ್ದೇವೆ. ಎದೆ ಒಂಥರಾ ಆಗುತ್ತಿದೆ ಕಣೇ ಅಂದರು, ಶರ್ಟ್ ಮೈಗೆ ಅಂಟಿಕೊಂಡಿತ್ತು. ಹಿಂದೆ ನಿಂತಿದ್ದ ಹುಡುಗ ಚಾಕೊಲೇಟ್ ಕೊಟ್ಟ, ತಿಂದರೂ ಹದಿನೈದು ನಿಮಿಷ ಏನೂ ಸುಧಾರಣೆ ಇಲ್ಲ. ಆಮೇಲೆ ಯಾರೋ ಪುಣ್ಯಾತ್ಮರು ನೀರಿಗೆ ಗ್ಲೂಕೋಸ್ ಕಲಸಿ ಕೊಟ್ಟರು, ಹತ್ತು ನಿಮಿಷಕ್ಕೆ ಮನುಷ್ಯ ಆದರು. ಚಾಕೊಲೇಟ್ ಯಾಕೆ ಕೆಲಸ ಮಾಡಲಿಲ್ಲ?

ನೈಟ್ ಡ್ಯೂಟಿ ಸಿಸ್ಟರ್, ಹಾಸನ
ಚಾಕೊಲೇಟ್‌ನಲ್ಲಿ ಕೊಬ್ಬು ಇರುತ್ತದೆ ಅಕ್ಕ, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಕಡಲೆ ಮಿಠಾಯಿಯೂ ಅಷ್ಟೇ. ಬೇಗ ಏರಬೇಕು ಅಂದರೆ ಗ್ಲೂಕೋಸ್ ಪುಡಿ, ಇಲ್ಲವಾದರೆ ಮೂರು ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ. ಸುಮಾರು 15 ಗ್ರಾಂ ಆಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ, 70 ದಾಟಿಲ್ಲ ಅಂದರೆ ಇನ್ನೊಂದು ಸಲ ಅಷ್ಟೇ ಕೊಡಿ. ಸರಿಹೋದ ಮೇಲೆ ಬಿಸ್ಕೆಟ್ಟೋ ದೋಸೆಯೋ ಏನಾದರೂ ತಿನ್ನಿಸಿ, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಐಟಿ ಬಿಟ್ಟು ತೋಟ
ನನಗೆ ಶುಗರ್ 110 ಇದ್ದಾಗಲೂ ಡವಡವ ಆಗುತ್ತಿತ್ತು, ಹೊಸದಾಗಿ ಮಾತ್ರೆ ಶುರು ಮಾಡಿದಾಗ. ಇದೂ ಲೋ ಅಂತೀರಾ?

ನೈಟ್ ಡ್ಯೂಟಿ ಸಿಸ್ಟರ್, ಹಾಸನ
ಹೌದು, ಆಗುತ್ತದೆ. ತಿಂಗಳುಗಟ್ಟಲೆ 300ರಲ್ಲಿ ಇದ್ದ ಮೈಗೆ 110 ಅಂದರೆ ಬರಗಾಲ. ಕೆಲವು ವಾರದಲ್ಲಿ ಒಗ್ಗಿಕೊಳ್ಳುತ್ತದೆ.

ಕಾಫಿಕಣ, ಸಕಲೇಶಪುರ ಕಡೆ
ಅಪ್ಡೇಟ್. ಮೂರು ದಿನ ಅಲಾರಂ ಇಟ್ಟು ಮೂರು ಗಂಟೆಗೆ ಎದ್ದೆ. ಸೋಪು ಹಾಕಿ ಕೈ ತೊಳೆಸಿ, ಒರೆಸಿ, ಆಮೇಲೆ ಚುಚ್ಚಿದೆ. ಮೊದಲ ದಿನ 83. ಎರಡನೇ ದಿನ 71. ಶನಿವಾರ ರಾತ್ರಿ, ಅದೇ ಒಪ್ಪತ್ತಿನ ದಿನ, 56. ಆಗ ನಾಡಿ 116. ಸಕ್ಕರೆ ನೀರು ಕೊಟ್ಟೆ, ಕಾಲು ಗಂಟೆಗೆ ಶುಗರ್ 88, ನಾಡಿ 98.

ಅಮ್ಮ ಹೇಳಿದ್ದು: ನಾನು ಒಂದು ತಿಂಗಳಿಂದ ಬೆಲ್ಲದ ಕಾಫಿ ಕುಡಿಯುತ್ತಿದ್ದೆನಲ್ಲ, ನಿನ್ನ ಮಿಷನ್ ಈಗ ಹೇಳುತ್ತಿದೆ.

ಇನ್ಸುಲಿನ್ ಹುಡುಗಿ, ಚಿಕ್ಕಮಗಳೂರು
ಆಂಟಿಗೆ ಜೈ.

ಬೇಲೂರು ಬಸ್‌ಸ್ಟ್ಯಾಂಡ್
ಒಪ್ಪಿದೆ. ಆದರೂ 98 ಜಾಸ್ತಿ ಅಲ್ವಾ? ಶುಗರ್ ಸರಿಹೋದ ಮೇಲೂ 98 ಯಾಕೆ?

ಮೆಡಿಕಲ್ ಸ್ಟೋರ್, ಕಡೂರು
ಬಸ್‌ಸ್ಟ್ಯಾಂಡ್ ಅಣ್ಣ ಈ ಸಲ ಒಳ್ಳೆಯ ಪ್ರಶ್ನೆ ಕೇಳಿದರು. 60ರಿಂದ 100 ನಾರ್ಮಲ್ ಅನ್ನುತ್ತಾರೆ, ಆದರೆ ಸುಮ್ನೆ ಕೂತಾಗಲೂ ಯಾವಾಗಲೂ ಮೇಲಿನ ಅಂಚಿನಲ್ಲೇ ಇದ್ದರೆ ನೋಡಬೇಕು. ಹಗಲು ಆರಾಮಾಗಿದ್ದಾಗ ಎಣಿಸಿ. ತಾಳ ತಪ್ಪುತ್ತಿದೆಯಾ ಅನ್ನುವುದನ್ನೂ ಗಮನಿಸಿ. ತಾಳ ಸರಿ ಇಲ್ಲದಿದ್ದರೆ ಅದು ಬೇರೆ ತೊಂದರೆ, ಪಾರ್ಶ್ವವಾಯುವಿಗೂ ದಾರಿ. ರಕ್ತ ಕಮ್ಮಿ ಇದ್ದರೂ, ಥೈರಾಯ್ಡ್ ಜಾಸ್ತಿ ಆದರೂ, ಉಬ್ಬಸದ ಪಂಪ್ ಹೊಡೆದುಕೊಂಡರೂ ನಾಡಿ ಏರುತ್ತದೆ.

ಕಾಫಿಕಣ, ಸಕಲೇಶಪುರ ಕಡೆ
ತಾಳ ಸರಿ ಇದೆ. ಮಧ್ಯಾಹ್ನ ಊಟಕ್ಕೂ ಮುಂಚೆ, ಜಗಲಿಯಲ್ಲಿ ಕೂತಿದ್ದಾಗ ಎಣಿಸಿದೆ, 94, 96, 95. ಒಂದೇ ಥರ. ಎದ್ದು ನಿಂತರೆ ಒಂದು ಕ್ಷಣ ಕಂಬ ಹಿಡಿದುಕೊಳ್ಳುತ್ತಾರೆ. ಇದು ವಯಸ್ಸು ಅಂತ ಬಿಟ್ಟಿದ್ದೆವು.

ನೈಟ್ ಡ್ಯೂಟಿ ಸಿಸ್ಟರ್, ಹಾಸನ
ಆ ಕಂಬದ ವಿಷಯ ಡಾಕ್ಟರಿಗೆ ಖಂಡಿತ ಹೇಳಿ. 14 ವರ್ಷದ ಶುಗರ್ ಕಾಲಿನ ನರಗಳನ್ನು ಜೋಮು ಹಿಡಿಸುವ ಹಾಗೆ ಹೃದಯಕ್ಕೆ ಹೋಗುವ ನರಗಳನ್ನೂ ಸವೆಸಬಹುದು. ಮೊದಲು ಸವೆಯುವುದು ಸಾಮಾನ್ಯವಾಗಿ ವೇಗಸ್ ಅನ್ನುವ ನರ. ಹೃದಯಕ್ಕೆ ಬ್ರೇಕ್ ಹಾಕುವುದು ಅದೇ. ಶಿರಾಡಿ ಘಾಟಿ ಇಳಿಯುವ ಲಾರಿಗೆ ಬ್ರೇಕ್ ಸವೆದರೆ ಆಕ್ಸಿಲರೇಟರ್ ತುಳಿಯದಿದ್ದರೂ ಓಡುತ್ತದಲ್ಲ, ಹಾಗೆ. ಮಲಗಿದಾಗಲೂ ನಾಡಿ ಜೋರಾಗಿಯೇ ಇರುತ್ತದೆ. ಎದ್ದು ನಿಂತಾಗ ಬಿಪಿ ಹಿಡಿದಿಡುವ ನರಕ್ಕೂ ಪೆಟ್ಟು ಬಿದ್ದಿದ್ದರೆ ತಲೆ ಸುತ್ತುತ್ತದೆ. ಮಲಗಿದಾಗ ಒಂದು ಸಲ, ನಿಂತಾಗ ಒಂದು ಸಲ ಬಿಪಿ ನೋಡಿಸಿ. ಮೇಲಿನ ನಂಬರ್ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದು ಬರೀ ವಯಸ್ಸಲ್ಲ. ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ, ಇವತ್ತೇ ಫೋನ್ ಮಾಡಿ ಕೇಳಿ.

ನಿವೃತ್ತ ಮೇಷ್ಟ್ರು, ಹೊಳೆನರಸೀಪುರ
ಶಿರಾಡಿ ಲಾರಿ! ಇದನ್ನು ನಾನು ಕ್ಲಾಸಿನಲ್ಲಿ ಬಳಸಬೇಕಿತ್ತು.

ಕಾಫಿಕಣ, ಸಕಲೇಶಪುರ ಕಡೆ
ಹೋಗಿ ಬಂದೆವು, ಈ ಸಲ ಬೇರೆ ಡಾಕ್ಟರ್. ಅಲಾರಂ ಇಟ್ಟು ಬರೆದ ಚೀಟಿ ತೋರಿಸಿದೆ, ಎರಡು ನಿಮಿಷ ಅದನ್ನೇ ನೋಡಿದರು. ರಾತ್ರಿಯ ಮಾತ್ರೆಯಿಂದ ಗ್ಲಿಮೆಪಿರೈಡ್ ತೆಗೆದು ಬರೀ ಮೆಟ್‌ಫಾರ್ಮಿನ್ ಉಳಿಸಿದ್ದಾರೆ. ಬೆಳಗಿನದು ಅರ್ಧಕ್ಕೆ ಇಳಿಸಿದ್ದಾರೆ. ಒಪ್ಪತ್ತು ಮಾಡುವುದಾದರೆ ಹಿಂದಿನ ದಿನವೇ ಕೇಳಿ ಅಂದರು. ರಾತ್ರಿ ಒಂದು ರೊಟ್ಟಿ ವಾಪಸ್ ಬಂದಿದೆ, ಅಮ್ಮ ಅದಕ್ಕೇ ಖುಷಿ. ನಿದ್ದೆ ಮಾತ್ರೆ ಬೇಡ ಅಂದರು.

ಮಲಗಿದಾಗ ಬಿಪಿ 142, ನಿಂತಾಗ 116. ಹಿಮೋಗ್ಲೋಬಿನ್ 9.8. ಅಂದರೆ ನರದ ತೊಂದರೆಯೂ ಇದೆ, ರಕ್ತವೂ ಕಮ್ಮಿ. ಹಾಗಾಗಿ 95ರ ನಾಡಿ ಅಷ್ಟು ಬೇಗ ಇಳಿಯಲಿಕ್ಕಿಲ್ಲ ಅಂದರು. ಇನ್ನೊಂದಿಷ್ಟು ಟೆಸ್ಟ್ ಬರೆದಿದ್ದಾರೆ, ಮುಂದಿನ ವಾರ. ನಾಲ್ಕು ಗಂಟೆಯ ಡವಡವ ಒಂಬತ್ತು ದಿನದಿಂದ ಇಲ್ಲ.

ಒಂದೇ ತೊಂದರೆ. ಮುನ್ನೆಚ್ಚರಿಕೆ ಅಂತ ಅಮ್ಮ ದಿಂಬಿನ ಕೆಳಗೆ ಕಾಗದದಲ್ಲಿ ಬೆಲ್ಲದ ಅಚ್ಚು ಸುತ್ತಿ ಇಟ್ಟುಕೊಂಡಿದ್ದಾರೆ. ನಿನ್ನೆ ರಾತ್ರಿ ಎದ್ದಿದ್ದು ಶುಗರ್‌ಗೆ ಅಲ್ಲ, ಹಾಸಿಗೆ ತುಂಬಾ ಕೆಂಪಿರುವೆ.

ಗೃಹಿಣಿ, ಆಲೂರು
ಗ್ಲೂಕೋಸ್ ಪುಡಿ ಸ್ಟೀಲ್ ಡಬ್ಬಿಯಲ್ಲಿ ಇಡಿ, ಪಕ್ಕದಲ್ಲಿ ಒಂದು ಚೊಂಬು ನೀರು. ಬೆಲ್ಲವೇ ಬೇಕು ಅಂತ ಹಟ ಮಾಡಿದರೆ ಡಬ್ಬಿಯನ್ನು ನೀರು ಹಾಕಿದ ತಟ್ಟೆಯಲ್ಲಿಡಿ, ಇರುವೆ ಹತ್ತುವುದಿಲ್ಲ.

ಮೂಡಿಗೆರೆ ಮಳೆ
ಕಾಫಿ ಯಾವುದು ಅಂತ ಕೊನೆಗೂ ಹೇಳಲೇ ಇಲ್ಲ. ರೊಬಸ್ಟಾ ತಾನೇ?

ಕಾಫಿಕಣ, ಸಕಲೇಶಪುರ ಕಡೆ
ರೊಬಸ್ಟಾನೇ ಕಣ್ರೀ.